ಮೊದಲನೇ ಮ್ಯಾಚ್ ಯಾರ ಜೋಡಿ?

ಪಿ.ಟಿ. ಮಾಸ್ತರ ಆದವಗ ವರ್ಷಕ್ಕೊಮ್ಮೆ ಒಂದು ಜ್ವರ ಬರೋದು ಗ್ಯಾರಂಟಿ. ಅದಕ್ಕ ಗುಳಿಗಿ ಇಲ್ಲ, ಇಂಜೆಕ್ಷನ್ ಇಲ್ಲ. ಜೂನಿಯರ್ ಹಾಕಿ ಟೂರ್ನಮೆಂಟ್ ಹತ್ರ ಬಂತಂದ್ರ ಶುರು ಆಗ್ತದ. ಮೊದಲನೇ ಮ್ಯಾಚ್ ಯಾರ ಜೋಡಿ ಬೀಳ್ತದ? ನಾನು ಕಮಲಾಪುರದ ಹೈಸ್ಕೂಲಿನಾಗ ಹುಡುಗ್ಯಾರಿಗೆ ಹಾಕಿ ಕಲಸ್ತೀನಿ. ಈ ಜ್ವರದಾಗ ನಾ ಏನೇನು ಮಾತಾಡೀನಿ, ಆಮ್ಯಾಲೆ ಏನೇನು ಆಗ್ಯದ, ನೆನಸಿಕೊಂಡ್ರ ಈಗೂ ಮೈ ಬಿಸಿ ಆಗ್ತದ. ಎಲ್ಲಾ ಹೇಳ್ಕೋತ ಕುಂತ್ರ ಹೊತ್ತು ಸಾಲೂದಿಲ್ಲ, ಹೋದ ವರ್ಷದ್ದಷ್ಟೇ ಹೇಳ್ತೀನಿ.

ಹೆಡ್‌ಮಾಸ್ತರ ಶರ್ತು

ಕಲಬುರಗಿ ನೆಹರು ಗಂಜ್ ಕಡೆ ಒಂದು ಟೀಮ್ ಅದ. ನಾವು ಅದಕ್ಕ ಗಂಜ್ ಟೀಮ್ ಅಂತೀವಿ. ಸತತ ಮೂರು ವರ್ಷ ನಮಗ ಮೊದಲನೇ ಮ್ಯಾಚ್ ಅವರ ಜೋಡಿನೇ ಬಿತ್ತು. ಮೂರೂ ಸಲ ನಮ್ಮ ಹುಡುಗ್ಯಾರು ಮಧ್ಯಾಹ್ನದ ಊಟಕ್ಕ ವಾಪಸ್ ಮನಿಗೆ ಬಂದ್ರು. ಆ ಪೋರಿಗಳ ಹೊಡ್ತ ಹಂಗದ. ಚೆಂಡು ಕಾಣೂದಿಲ್ಲ, ಗೋಲಿನ ಹಲಗಿ ಧಡ್ ಅಂದದ್ದಷ್ಟೇ ಕೇಳ್ತದ.

ಹೆಡ್‌ಮಾಸ್ತರ ನನ್ನ ಕರದ್ರು. "ಮಾಸ್ತರ, ಈ ಸಲನೂ ಮೊದಲನೇ ಮ್ಯಾಚ್‌ನಾಗ ಹೊರಗ ಬಿದ್ರ ಹಾಕಿ ಬಂದ್. ಸ್ಟಿಕ್ ಎಲ್ಲಾ ಸ್ಟೋರ್ ರೂಮಿಗೆ ಹಾಕಿ ಕೀಲಿ ಜಡೀತೀನಿ. ಹುಡುಗ್ಯಾರು ಥ್ರೋಬಾಲ್ ಆಡ್ಲಿ."

ನಮ್ಮ ಕ್ಯಾಪ್ಟನ್ ಹುಡುಗಿ ಮಹಾಗಾಂವದಾಕಿ. ದಿನಾ ಟೆಂಪೋದಾಗ ಸ್ಟಿಕ್ ಹಿಡ್ಕೊಂಡು ನಿಂತು ಬರ್ತಾಳ. ಹಾಕಿ ಅದ ಅಂತನೇ ಅವರಪ್ಪ ಆಕಿನ್ನ ಕಮಲಾಪುರಕ್ಕ ಕಳಿಸ್ಯಾನ. ಹಾಕಿ ಬಂದ್ ಆದ್ರ ಆಕಿ ಬರೂದೂ ಬಂದ್. ಆಕಿ ಮಾರಿ ನೋಡಿ ನಾ ಏನಂತ ಹೇಳ್ಲಿ?

"ಸರ್, ಆಟ ಅಂದಮ್ಯಾಲೆ ಸೋಲೂದು ಇದ್ದದ್ದೇ ಅಲ್ಲೇನ್ರಿ?" ಅಂತ ಮೆಲ್ಲಕ ಅಂದೆ.

"ಸೋಲ್ರಿ! ನಾ ಎಲ್ಲಿ ಬ್ಯಾಡ ಅಂದೀನಿ? ಎರಡನೇ ಮ್ಯಾಚ್‌ನಾಗ ಸೋಲ್ರಿ" ಅಂದ್ರು.

ಹೂ ಕೇಳಿದ್ದು

ನನ್ನ ಚಿಂತಿ ನೋಡಿ ನನ್ನ ಹೆಂಡ್ತಿ, "ಹಿಂಗ ಹೊರಳಾಡೂದಕಿಂತ ಗುಡಿಗೆ ಹೋಗಿ ಹೂ ಕೇಳ್ರಿ" ಅಂದಳು. ನಮ್ಮ ಕಡೆ ಇದು ರೂಢಿ. ಲಿಂಗದ ಎರಡೂ ಮಗ್ಗಲ ಒದ್ದಿ ಹೂ ಅಂಟಸ್ತಾರ, ಮನಸಿನಾಗಿಂದು ಕೇಳ್ತಾರ. ಬಲಕ್ಕ ಬಿದ್ರ ಕೆಲಸ ಆಗ್ತದ, ಎಡಕ್ಕ ಬಿದ್ರ ಇಲ್ಲ.

ನಾನು ಕೈ ಜೋಡಿಸಿ, "ಎಪ್ಪಾ, ಗಂಜ್ ಟೀಮ್ ನಮಗ ಬೀಳಬಾರದು, ಬಲಕ್ಕ ಕೊಡು" ಅಂತ ಕುಂತೆ. ಉಸಿರು ಬಿಡ್ಲಿಕ್ಕೂ ಅಂಜಿಕಿ. ನನ್ನ ಉಸಿರಿಗೆ ಬಿತ್ತಂದ್ರ ಅದು ದೇವರ ಮಾತು ಆಗ್ತದೇನು? ಅಷ್ಟರಾಗ ಬಲಗಡೆ ಹೂ ಟಪ್ ಅಂತ ಬಿತ್ತು. ನಾನು ಎದ್ದು ನಿಂತು, "ಬಿತ್ತು! ಬಿತ್ತು!" ಅಂತ ಕುಣದೇ ಬಿಟ್ಟೆ. ತೆಂಗಿನಕಾಯಿ ಒಡಿಸಿದೆ, ಸಕ್ಕರಿ ಹಂಚಿದೆ.

ಪೂಜಾರಿ ಹೊಳ್ಳಿ ನೋಡಿ, "ಮಾಸ್ತರ, ಸ್ವಲ್ಪ ಕುಂದರ್ರಿ. ಅದು ನಿಮ್ಮದಲ್ಲ. ನಿಮಗಿಂತ ಮೊದಲ ಒಬ್ರು ಮಗಳ ಸಂಬಂಧ ಕೇಳಿ ಸಾಕಾಗಿ ಎದ್ದು ಹೋದ್ರಲ್ಲ, ಅವರ ಹೂ ಈಗ ಬಿತ್ತು" ಅಂದ.

"ಹಂಗಾರ ನಂದು?"

"ನಿಮ್ಮದಿನ್ನ ಏರಿಸೇ ಇಲ್ಲಲ್ರಿ."

ಗೋಲಿನ ಬಾಗಲಾಗ

ದೇವರ ಮ್ಯಾಲೆ ಭಾರ ಹಾಕಿ ಕುಂದ್ರೂದು ಬ್ಯಾಡ ಅಂತ ನಾನೇ ನಿರ್ಧಾರ ಮಾಡಿದೆ. ಹುಡುಗ್ಯಾರಿಗೆ ಖಡಕ್ಕಾಗಿ ಹೇಳಿದೆ: "ಈ ಸಲನೂ ಗಂಜ್‌ನವರೇ ಬೀಳ್ತಾರ. ನನ್ನ ಮಾತು ಸುಳ್ಳಾದ್ರ ಮೀಸಿ ಬೋಳಸ್ತೀನಿ. ಅವರ ಹೊಡ್ತ ತಡದ್ರ ಸಾಕು, ಉಳದದ್ದು ಆಮ್ಯಾಲೆ ನೋಡೂಣು."

ಅವತ್ತಿಂದ ದಿನಾ ಒಂದೇ ಪ್ರ್ಯಾಕ್ಟೀಸು. ನಾನು ಹೊಡೀಬೇಕು, ಹನ್ನೊಂದೂ ಮಂದಿ ಗೋಲಿನ ಮುಂದ ನಿಂತು ತಡೀಬೇಕು. ಎಂಥಾ ತಡಿಯೂದು ಅಂತೀರಿ! ದರ್ಗಾದ ಉರುಸಿನ ಗದ್ಲದಾಗ ರೋಜಾ ಓಣಿ ಗಲ್ಲಿಯೊಳಗ ಸೈಕಲ್ ಹೊಕ್ಕರ ಹೊಕ್ಕೀತು, ನಮ್ಮ ಹುಡುಗ್ಯಾರ ನಡುವ ಚೆಂಡು ಹೋಗ್ತಿದ್ದಿಲ್ಲ. ಗೋಲ್‌ಕೀಪರ್ ಹುಡುಗಿಯಂತೂ ಹುಲಿ ಆಗಿಬಿಟ್ಟಳು. ನನಗ ಹೆಮ್ಮಿ, ಒಳಗೊಳಗ ಅಂಜಿಕಿ.

ವಿಜ್ಞಾನದ ಮೇಡಂ ಒಂದಿನ ಮೈದಾನಕ್ಕ ಬಂದು ಸ್ವಲ್ಪ ಹೊತ್ತು ನಿಂತು ನೋಡಿದ್ರು. ಆಮ್ಯಾಲೆ ಕ್ಯಾಪ್ಟನ್ ಹುಡುಗಿಗೆ ಕೇಳಿದ್ರು, "ಏನವಾ, ಇದು ನಿಮ್ಮ ಗೋಲು ಅಂದ್ರ ಎದುರಿನವರದು ಎಲ್ಲದ?"

ಹುಡುಗಿ ಮೈದಾನದ ಆ ತುದಿಗೆ ಕಣ್ಣು ಕಿರಿದು ಮಾಡಿ ನೋಡಿದಳು. "ಅಲ್ಲೇ ಎಲ್ಲ್ಯರ ಇರಬೇಕ್ರಿ ಮೇಡಂ. ನಮಗ ಇನ್ನಾ ಅಷ್ಟು ದೂರ ಹೋಗೂ ಕೆಲಸ ಬಿದ್ದಿಲ್ರಿ" ಅಂದಳು.

ಟವೆಲಿನ ಕೆಳಗ

ಟೂರ್ನಮೆಂಟಿನ ಖರ್ಚು ನೋಡ್ಕೊಂಡವರು ಗಂಜ್‌ನ ಒಬ್ಬ ತೊಗರಿ ದಲಾಲರು. ಹಳೇ ಕಾಲದ ಮನಷ್ಯಾ. "ಚೀಟಿ ಎತ್ತಿದ್ರ ಮಂದಿ ಮೋಸ ಅಂತಾರ್ರಿ. ನಮ್ಮಪ್ಪ, ನಮ್ಮಜ್ಜ ಟವೆಲಿನ ಕೆಳಗ ಬೆರಳು ಹಿಡಿದೇ ತೊಗರಿ ರೇಟ್ ಮುಗಿಸ್ಯಾರ. ಟೀಮಿನ ಜೋಡಿನೂ ಹಂಗೇ ಮುಗಸೂಣು" ಅಂದ್ರು. ಇದ್ದದ್ದು ಎಂಟು ಟೀಮು. ಪ್ರತಿಯೊಬ್ಬ ಮಾಸ್ತರನೂ ಟವೆಲಿನ ಕೆಳಗ ಕೈ ಹಾಕಿ ದಲಾಲರದು ಒಂದರಿಂದ ನಾಲ್ಕರತನಕ ಎಷ್ಟರ ಬೆರಳು ಹಿಡೀಬೇಕು. ಒಂದೇ ಲೆಕ್ಕ ಹಿಡಿದ ಇಬ್ಬರದು ಮೊದಲನೇ ಮ್ಯಾಚು. ಆ ಲೆಕ್ಕಕ್ಕ ಆಗಲೇ ಇಬ್ಬರು ಆಗಿದ್ರ ದಲಾಲರು ಕತ್ತು ಅಳ್ಳಾಡಸ್ತಾರ, ಬ್ಯಾರೆ ಹಿಡೀಬೇಕು.

ಅದಕಿಂತ ಮೊದಲ ಚಹಾ ಕುಡಿಯೂ ಮುಂದ ನಾನು ಉಳದ ಮಾಸ್ತರಗಳಿಗೆ ಗುಟ್ಟು ಹೇಳಿದ್ದೆ. "ಗಂಜ್ ಮಾಸ್ತರ ಒಂದೇ ಹಿಡೀತಾನ, ನೋಡ್ರಿ. ಅವನ ಗಾಡಿ ನಂಬರ ಒಂದು, ಬನಿಯನ್ ಮ್ಯಾಲಿನ ನಂಬರೂ ಒಂದು. ಒಂದರ ತಂಟೆಗೆ ಹೋಗಬ್ಯಾಡ್ರಿ." ಎಲ್ಲಾರೂ ನನ್ನ ಕೈ ಕುಲುಕಿದ್ರು.

ಗಂಜ್ ಮಾಸ್ತರ ಊರಿನವ ಅಂತ ಮೊದಲ ಹೋದ. ನಮ್ಮದು ಹೊಸಾ ತಾಲೂಕು, ನಾ ಎಲ್ಲಾರಕಿಂತ ಹಿಂದ. ನನ್ನ ಮುಂದ ಜೇವರ್ಗಿ ಮಾಸ್ತರ. ಅಂವ ಟವೆಲಿನ್ಯಾಗ ಕೈ ಹಾಕಿದವ ತಗೀಲೇ ಇಲ್ಲ. ಕಡೀಕ ಕೈ ಹೊರಗ ತಗದಾಗ ಅವನ ಮಾರಿ ಬೆಳ್ಳಗ ಆಗಿತ್ತು.

ನಾ ಕೈ ಹಾಕಿದೆ. ಎರಡು ಹಿಡಿದೆ, ದಲಾಲರು ಕತ್ತು ಅಳ್ಳಾಡಿಸಿದ್ರು. ಮೂರು ಹಿಡಿದೆ, ಇಲ್ಲ. ನಾಲ್ಕು, ಅದೂ ಇಲ್ಲ! ಬೆವರಿಗೆ ಬೆರಳು ಜಾರ್ಲಿಕತ್ತವು. ಎಲ್ಲಾರೂ ನನ್ನ ಮಾತು ಕೇಳಿ ಒಂದು ಬಿಟ್ಟು ಉಳದದ್ದೆಲ್ಲಾ ತುಂಬಿಸಿಬಿಟ್ಟಾರ! ನನ್ನ ಬಾಯಿಗೆ ಬೆಂಕಿ ಬೀಳ್ಲಿ ಅಂತ ಬೈಕೊಂಡು ಕಣ್ಣು ಮುಚ್ಚಿ ಒಂದೇ ಬೆರಳು ಹಿಡಿದೆ. ಸ್ಟೋರ್ ರೂಮಿಗೆ ಕೀಲಿ ಬಿದ್ದ ಸಪ್ಪಳ ಕೇಳಿಸಿದಂಗಾತು.

ದಲಾಲರು ಟವೆಲ್ ಝಾಡಿಸಿ ಹೆಗಲಿಗೆ ಹಾಕಿ ಹೇಳಿದ್ರು, "ಒಂದಕ್ಕ ಜೇವರ್ಗಿ ಮತ್ತ ಕಮಲಾಪುರ."

ನಾನೂ ಜೇವರ್ಗಿ ಮಾಸ್ತರನೂ ಅಲ್ಲೇ ತೆಕ್ಕಿ ಬಡ್ಕೊಂಡ್ವಿ. ಗಂಜ್ ಮಾಸ್ತರ ಎರಡು ಹಿಡಿದಿದ್ದ! ಅವನ ಜೋಡಿ ಬಿದ್ದ ಮಾಸ್ತರ ಕೆಂಡಾಮಂಡಲ ಆಗಿ, "ಏನ್ರೀ, ನೀವು ಯಾವಾಗ್ಲೂ ಒಂದು ಅಲ್ಲೇನ್ರಿ?" ಅಂತ ಕೇಳಿದ.

ಗಂಜ್ ಮಾಸ್ತರ ನಾಚ್ಕೊಂಡು ಅಂದ, "ಮೊನ್ನಿ ಮನ್ಯಾಗ ಅವಳಿ ಕೂಸು ಹುಟ್ಯಾವ್ರಿ. ಇನ್ನ ಮ್ಯಾಲೆ ನಮಗ ಎರಡೇ ಲಕ್ಕಿ."

ವಾರಸದಾರರಿಲ್ಲದ ಚೆಂಡು

ಮ್ಯಾಚಿನ ದಿನ ಹೆಡ್‌ಮಾಸ್ತರ ಖುದ್ದು ಬಂದು ನನ್ನ ಬಾಜೂಕೇ ಕುರ್ಚಿ ಹಾಕ್ಕೊಂಡು ಕುಂತ್ರು. ನಾನು ಧೈರ್ಯದಿಂದ, "ಜೇವರ್ಗಿ ಅಂದ್ರ ಏನ್ರಿ ಸರ್, ಹಾಫ್ ಟೈಮಿನೊಳಗ ಗೋಲಿನ ಮಳಿ ಸುರಸ್ತೀವಿ" ಅಂದೆ.

ಸೀಟಿ ಊದಿದ್ರು. ಜೇವರ್ಗಿ ಹುಡುಗಿ ಚೆಂಡಿಗೆ ಮೆತ್ತಗ ತಟ್ಟಿದಳು. ತಟ್ಟಿದಾಕಿನೇ ಹೊಳ್ಳಿ ತಮ್ಮ ಗೋಲಿನ ಕಡೆ ಓಟ ಕಿತ್ತಳು. ಅವರ ಹನ್ನೊಂದು ಮಂದಿ ಅವರ ಗೋಲಿನ ಮುಂದ, ನಮ್ಮ ಹನ್ನೊಂದು ಮಂದಿ ನಮ್ಮ ಗೋಲಿನ ಮುಂದ. ನಡುವ ಚೆಂಡು ಒಂದೇ ನಿಂತಿತ್ತು. ಅಂಪೈರ್ ಅದರ ಹತ್ರ ಹೋಗಿ ಅತ್ತ ನೋಡಿದ, ಇತ್ತ ನೋಡಿದ.

ನನಗ ಆವಾಗ ತಿಳೀತು. ಜೇವರ್ಗಿ ಮಾಸ್ತರನೂ ಗಂಜ್‌ನವರೇ ಬೀಳ್ತಾರ ಅಂತ ಬರೇ ತಡಿಯೂದೇ ಕಲಿಸ್ಯಾನ!

"ಈ ಚೆಂಡಿಗೆ ವಾರಸದಾರರಿಲ್ಲೇನ್ರೋ?" ಅಂತ ಮಂದ್ಯಾಗಿಂದ ಯಾರೋ ಕೂಗಿದ್ರು. ನಾನು ಎದ್ದು, "ಮುಂದ ಹೋಗ್ರೆ! ಮುಂದ!" ಅಂತ ಗಂಟಲು ಹರಕೊಂಡೆ. ಒಬ್ಬಾಕಿ ಧೈರ್ಯ ಮಾಡಿ ಹೋಗಿ ಚೆಂಡು ತಂದಳು. ತಂದು, ಪ್ರ್ಯಾಕ್ಟೀಸಿನಾಗ ನಾ ಬೀಸ್ತಿದ್ದಂಗ, ನಮ್ಮ ಗೋಲಿಗೇ ಜೋರು ಬೀಸಿದಳು. ನಮ್ಮ ಕೀಪರ್ ಜಿಗಿದು ತಡದಳು. ಜೇವರ್ಗಿಯವರು ಚಪ್ಪಾಳಿ ಹೊಡದ್ರು. ಹೆಡ್‌ಮಾಸ್ತರ ಕಣ್ಣು ಮುಚ್ಚಿ ಕುಂತ್ರು.

ಟೈಮ್ ಮುಗೀತು, ಗೋಲಿಲ್ಲ. ಶೂಟೌಟ್ ಇಟ್ರು. ಅವರ ಕೀಪರೂ ಹುಲಿ, ನಮ್ಮ ಕೀಪರೂ ಹುಲಿ. ಹೊಡಿಯೂದು ಯಾರಿಗೂ ಬರೂದಿಲ್ಲ. ಮುಂದಿನ ಮ್ಯಾಚಿನವರು ಸ್ಟಿಕ್ ಹಿಡ್ಕೊಂಡು ಅಂಚಿಗೆ ಬಂದು ನಿಂತು ಗದ್ಲ ಎಬ್ಬಿಸಿದ್ರು. ಸಾಕಾಗಿ ಅಂಪೈರ್, "ಟಾಸ್ ಹಾಕ್ತೀನಿ. ಗೆದ್ದವರು ಮುಂದಿನ ರೌಂಡಿಗೆ" ಅಂದ.

ಎಪ್ಪಾ! ನಮ್ಮ ಹಾಕಿ ಉಳಿಯೂದು, ಮುಳುಗೂದು ಒಂದು ರೂಪಾಯಿ ನಾಣ್ಯದ ಮ್ಯಾಲೆ ಬಂದು ನಿಂತಿತು. ನಮ್ಮ ಕ್ಯಾಪ್ಟನ್ ಕರೀಬೇಕು. ಆಕಿ ನನ್ನ ಕಡೆ ನೋಡಿದಳು. ಅಂಗೈ ತುರಿಸ್ತು, ಬಲಗಣ್ಣು ಹಾರ್ತು, ಒಳಗಿಂದ ಒಂದು ದನಿ ಸ್ಪಷ್ಟ ಹೇಳ್ತು. ನಾನು ಎರಡೂ ಕೈ ಬಾಯಿಗೆ ಹಿಡಿದು ಒದರಿದೆ, "ಹೆಡ್! ಹೆಡ್ ಬೀಳ್ತದ! ಬಿಡಬ್ಯಾಡವಾ, ಹೆಡ್ ಅನ್ನು!"

ನಾಣ್ಯ ಮ್ಯಾಲೆ ಹೋತು.

"ಟೇಲ್!" ಅಂದಳು ಹುಡುಗಿ.

ನಾ ತಲಿ ಮ್ಯಾಲೆ ಕೈ ಹೊತ್ತು ನೆಲಕ್ಕ ಕುಂತೆ. ಅಂಪೈರ್ ಬಗ್ಗಿ ನೋಡಿ ನಮ್ಮ ಕಡೆ ಕೈ ಮಾಡಿದ. ಟೇಲ್ ಬಿದ್ದಿತ್ತು! ಹುಡುಗ್ಯಾರು ಕುಣದ್ರು, ಕೀಪರ್ ಹುಡುಗಿ ಅಳ್ಲಿಕತ್ತಳು, ನನಗೂ ಕಣ್ಣೀರು ತಡೀಲಿಲ್ಲ. ಹೆಡ್‌ಮಾಸ್ತರ ಓಡಿ ಹೋಗಿ ಕ್ಯಾಪ್ಟನ್ ಬೆನ್ನು ತಟ್ಟಿ, "ಶಾಬಾಶ್! ಆದ್ರ ನಿಮ್ಮ ಸರ್ ಅಷ್ಟು ಒದರಿ ಹೆಡ್ ಅಂದ್ರಲ್ಲವಾ, ನೀ ಯಾಕ ಟೇಲ್ ಅಂದಿ?" ಅಂತ ಕೇಳಿದ್ರು.

ಆಕಿ ನನ್ನ ಕಡೆ ನೋಡಿ ಜರ್ಸಿ ತೋಳಿಗೆ ಮಾರಿ ಒರಸ್ಕೋತ ಅಂದಳು, "ಸರ್ ಹೆಡ್ ಅಂದಮ್ಯಾಲೆ ಟೇಲ್ ಬೀಳೂದು ಪಕ್ಕಾ ಆತಲ್ರಿ."