ಅಣ್ಣನ ಆಲ್ಬಮ್ಮಿನ ನಡುವಿನ ಮೌನ

ಮಾತು ಕಡಿಮೆಯಿರುವವರನ್ನು ಜನ ಒಳ್ಳೆಯ ಕೇಳುಗರೆಂದು ತಿಳಿಯುತ್ತಾರೆ. ಎದ್ದು ಹೋಗಲು ಬೇಕಾದ ನೆಪ ನಮ್ಮಂಥವರಿಗೆ ಹೊತ್ತಿಗೆ ಸರಿಯಾಗಿ ಹೊಳೆಯುವುದಿಲ್ಲ, ಅಷ್ಟೆ. ಅಣ್ಣನ ಪ್ರೊಗ್ರೆಸಿವ್ ರಾಕ್ ಆಲ್ಬಮ್ಮಿಗೆ ನಾನು ಖಾಯಂ ಶ್ರೋತೃವಾದದ್ದು ಹೀಗೆ. ಬೇಲಾಪುರದ ಆಫೀಸಿನಿಂದ ಬಂದವನೇ ಅವನು ನೆರೂಳದ ನಮ್ಮ ಮನೆಯ ಕೋಣೆ ಸೇರಿ ಬಾಗಿಲು ಹಾಕಿಕೊಳ್ಳುತ್ತಿದ್ದ. ಅವನ ಬ್ಯಾಂಡಿನ ಗೆಳೆಯರು ಬಿಟ್ಟು ಹೋಗಿದ್ದರು. ಹಾಡೆಂದರೆ ಎಲ್ಲಾದರೂ ಒಂದು ಕಡೆ ಮುಗಿಯಬೇಕೆಂಬ ಹಟ ಅವರದು. ಇವನದು ಇಡೀ ಆಲ್ಬಮ್ಮೇ ಒಂದು ಹಾಡು, ವಾದ್ಯಗಳೆಲ್ಲ ಇವನವೇ. ಹೆಸರಿಗೆ ಸೋಲೋ, ಆದರೆ ಅವನು ರೆಕಾರ್ಡ್ ಮಾಡುವಾಗ ನಾನು ಫ್ಯಾನ್ ಹಾಕುವಂತಿಲ್ಲ, ಅಮ್ಮ ಕುಕ್ಕರ್ ಇಡುವಂತಿಲ್ಲ. "ಇವ ಒಬ್ಬ ಬಾರಿಸ್ಲಿಕ್ಕೆ ನಾವೆಲ್ಲ ಉಪವಾಸ ಕೂರ್ಬೇಕಾ?" ಎಂದು ಅಮ್ಮ ಗೊಣಗುತ್ತಿದ್ದಳು.

ಆಲ್ಬಮ್ ಮುಗಿದಾಗ ಅಣ್ಣನಿಗಿದ್ದದ್ದು ಒಂದೇ ಆಸೆ: ಯಾರಾದರೂ ಒಮ್ಮೆ, ಮೊದಲಿನಿಂದ ಕೊನೆಯವರೆಗೆ ಕೇಳಬೇಕು. ಮೊಬೈಲಿನಲ್ಲಿ ಜನ ಬೆರಳಿನಿಂದ ಸರಿಸಿ ಮುಂದೆ ಹೋಗಿಬಿಡುತ್ತಾರೆ. ಎದ್ದು ಹೋಗದ ಸಭಿಕರು ಸಿಗುವ ಜಾಗ ಅಮ್ಮನಿಗೆ ಗೊತ್ತಿತ್ತು. ಅದು ಈ ಹೊರನಾಡಿನ ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವ. ಅಲ್ಲಿ ಊಟ ಕೊನೆಗೆ. ಮಕ್ಕಳ ನೃತ್ಯಕ್ಕೂ ಊಟಕ್ಕೂ ನಡುವೆ ಅಣ್ಣನನ್ನು ಸೇರಿಸಿದರು. ಗಿಟಾರ್ ಅವನ ಕೈಯಲ್ಲಿ, ಉಳಿದ ವಾದ್ಯಗಳು ಲ್ಯಾಪ್‌ಟಾಪಿನಲ್ಲಿ.

ಸಂಘದವರು ರಾತ್ರಿಯಿಡೀ ಯಕ್ಷಗಾನ ನೋಡಿ ಪಳಗಿದವರು, ತಾಳ್ಮೆಗೆ ಕೊರತೆಯಿಲ್ಲ. ಮುಂದಿನ ಸಾಲಿನ ಹುಬ್ಬಳ್ಳಿಯ ಅಜ್ಜ ತೊಡೆಯ ಮೇಲೆ ತಾಳ ಹಾಕಲು ನೋಡಿದರು. ಏಳು ಮಾತ್ರೆ ಇದ್ದಕ್ಕಿದ್ದಂತೆ ಐದಾದಾಗ ಕೈಯನ್ನು ಜೇಬಿಗೆ ಹಾಕಿಕೊಂಡರು. ಆಮೇಲೆ ಬಂತು, ನಡುವಿನ ದೀರ್ಘ ಮೌನ. ಅಣ್ಣನ ಪ್ರಕಾರ ಅದೇ ಕೃತಿಯ ಜೀವ. ಆದರೆ ನಮ್ಮ ಸಂಘದಲ್ಲಿ ವೇದಿಕೆ ಸುಮ್ಮನಾದರೆ ಮುಂದಿನದು ವಂದನಾರ್ಪಣೆ. ಕಾರ್ಯದರ್ಶಿ ಶೆಟ್ರು ಮೈಕಿಗೆ ಬಂದು ಶಾಮಿಯಾನದವರಿಂದ ಅಡುಗೆಯವರವರೆಗೆ ಎಲ್ಲರಿಗೂ ಧನ್ಯವಾದ ಹೇಳತೊಡಗಿದರು. ಕುರ್ಚಿಗಳು ಕಿರುಗುಟ್ಟಿದವು. ಅಣ್ಣ ಗಿಟಾರ್ ಹಿಡಿದು ನಿಂತಲ್ಲೇ ಸಭೆಯಲ್ಲಿ ನಮ್ಮನ್ನು ಹುಡುಕಿದ. ನಮ್ಮ ಮನೆಯಲ್ಲಿ ನಾಲ್ಕು ಜನರ ಮುಂದೆ ಬಾಯಿ ಬಿಡುವ ಧೈರ್ಯ ಇರುವುದು ಅಮ್ಮನಿಗೆ ಮಾತ್ರ; ಅವಳು ಆಗಲೇ ಊಟದ ಸಾಲಿನಲ್ಲಿದ್ದಳು.

ನಾನು ವೇದಿಕೆ ಹತ್ತಿದ್ದು ಹೇಗೋ ತಿಳಿಯದು. "ಇನ್ನೂ ಮುಗಿದಿಲ್ಲ," ಎಂದೆ ಮೈಕಿನಲ್ಲಿ. "ಅರ್ಧ ಬಾಕಿ ಇದೆ."

"ಅರ್ಧವಾ?" ಶೆಟ್ರು ಹೌಹಾರಿದರು. "ಮಾರಾಯ್ತಿ, ಅನ್ನ ತಣಿತದೆ!"

"ತಟ್ಟೆ ತಕೊಂಡೇ ಬಂದು ಕೂತ್ಕೊಳ್ಳಿ ಅಂಕಲ್."

ಕೂತರು. ಉಳಿದರ್ಧ ಆಲ್ಬಮ್ ಸಾರು, ಹಪ್ಪಳ, ಪಾಯಸದ ಜೊತೆಯಲ್ಲಿ ಕೊನೆಯ ಸ್ವರದವರೆಗೂ ಕೇಳಲ್ಪಟ್ಟಿತು. ಹುಬ್ಬಳ್ಳಿಯ ಅಜ್ಜ ಕೈ ತೊಳೆದು ಬಂದು, "ಚಲೋ ಬಾರಿಸಿದಿ ತಮ್ಮಾ. ಆದ್ರ ಮುಂದಿನ ಸಲ ಊಟ ಆದ್ಮ್ಯಾಲೆ ಇಟ್ಕೋ, ನಿದ್ದಿ ಛಂದ ಬರ್ತದ," ಎಂದರು. ಅಣ್ಣನಿಗೆ ಮೊದಲ ವಾಕ್ಯವಷ್ಟೇ ಕೇಳಿಸಿತು. ಆ ಸಂಜೆಯೆಲ್ಲ ಅವನು ನಗುತ್ತಲೇ ಇದ್ದ.

ಶೆಟ್ರು ಮಾತ್ರ ನನ್ನನ್ನು ಬಿಡಲಿಲ್ಲ. "ಇಷ್ಟು ಗಟ್ಟಿ ಸ್ವರ ಇಟ್ಕೊಂಡು ಎಂತ ಸುಮ್ನೆ ಕೂತಿದ್ದಿ? ಇನ್ನು ನಿರೂಪಣೆ ನಿಂದೇ." ಮುಂದಿನ ಕಾರ್ಯಕ್ರಮದ ಆಮಂತ್ರಣದಲ್ಲಿ ನನ್ನ ಹೆಸರು ಅಚ್ಚಾಗಿದೆ. ಅಮ್ಮ ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾಳೆ. ನೀರು ಕುಡಿಯಲೆಂದು ಅಲ್ಲಿಗೆ ಹೋದಾಗಲೆಲ್ಲ ನನ್ನ ಬಾಯಿ ಇನ್ನಷ್ಟು ಒಣಗುತ್ತದೆ.