ಫೋರ್ಕ್‌ಲಿಫ್ಟಿನ ಹಿಂದೆ ನಾನು ಕೂತದ್ದು

ದಪ್ಪಗಿರುವವರಿಗೆ ಈ ಲೋಕದಲ್ಲಿ ಗೌರವ ಸಿಗುವ ಜಾಗ ಬಹಳ ಕಡಿಮೆ. ಬಸ್ಸಿನಲ್ಲಿ ಪಕ್ಕದವರು ಮುಖ ಕಿವಿಚುತ್ತಾರೆ, ಇನ್ನೊಂದು ರೊಟ್ಟಿ ಕೇಳಿದರೆ ಹೆಂಡತಿ ನಿಟ್ಟುಸಿರು ಬಿಡುತ್ತಾಳೆ. ನನಗೆ ಮಾತ್ರ ಅಂಥದೊಂದು ಜಾಗ ಸಿಕ್ಕಿತ್ತು. ತೊಂಬತ್ತರ ದಶಕದ ಕೊನೆಯಲ್ಲಿ ಬಸವಕಲ್ಯಾಣದಿಂದ ದಿನಾ ಬಸ್ಸು ಹಿಡಿದು ಹುಮನಾಬಾದಿನ ಒಂದು ಕಾರ್ಖಾನೆಗೆ ಗೋದಾಮಿನ ಮೇಲ್ವಿಚಾರಕನಾಗಿ ಹೋಗುತ್ತಿದ್ದೆ. ಆ ಜಾಗ ಇದ್ದದ್ದು ಅಲ್ಲಿ ಸರಕು ಎತ್ತುವ ಫೋರ್ಕ್‌ಲಿಫ್ಟಿನ ಹಿಂಭಾಗದಲ್ಲಿ.

ಆ ಗಾಡಿಯ ಮುಂದೆ ಕೋಡಿನಂಥ ಎರಡು ಕಬ್ಬಿಣದ ಫೋರ್ಕು. ಭಾರ ಮಿತಿ ಮೀರಿದರೆ ಹಿಂದಿನ ಗಾಲಿ ನೆಲ ಬಿಟ್ಟು ಏಳುತ್ತದೆ. ಇಷ್ಟು ಭಾರ ಬೇಡ ಎಂದು ಗಾಡಿ ಹೇಳುವ ರೀತಿ ಅದು. ಆಗ ಭಾರವನ್ನು ಪಾಲು ಮಾಡಿ ಸಾಗಿಸಬೇಕು. ನಮ್ಮಲ್ಲಿ ಅದರ ಬದಲು ಗಾಲಿ ಏಳದಂತೆ ಹಿಂದೆ ಜನರನ್ನು ಕೂರಿಸುವ ರಿವಾಜು. ಬೇರೆಯವರಾದರೆ ಮೂವರು ಬೇಕು, ನಾನಾದರೆ ಒಬ್ಬನೇ ಸಾಕು. ಡ್ರೈವರ್ ಖಾಜಾಮಿಯಾ ಕರೆದರೆ ಚಹಾ ಅರ್ಧಕ್ಕೇ ಬಿಟ್ಟು, ಮದುಮಗನ ಗತ್ತಿನಲ್ಲಿ ಹತ್ತಿ ಕೂರುತ್ತಿದ್ದೆ. ಒಮ್ಮೆ ಹುಲಸೂರಿಗೆ ಮದುವೆಗೆಂದು ರಜೆ ಹಾಕಿದಾಗ ಇಡೀ ಲಾರಿಯ ಸರಕು ಇಳಿಯದೆ ನಿಂತಿತ್ತಂತೆ. ನಾನಿಲ್ಲದೆ ಕಾರ್ಖಾನೆ ನಡೆಯುವುದಿಲ್ಲ ಎಂದು ಹೆಂಡತಿಗೆ ಹೇಳಿದೆ. ಕಾರಣ ಹೇಳಲಿಲ್ಲ.

ಒಂದು ದಿನ ಮಷೀನಿನ ಬಿಡಿಭಾಗಗಳ ಎರಡು ದೊಡ್ಡ ಪೆಟ್ಟಿಗೆ ಬಂದವು. ಒಂದೇ ಸಲ ಎತ್ತು ಎಂದವನು ನಾನೇ. ಭಾರ ಫೋರ್ಕಿನ ಬುಡಕ್ಕೆ ಒತ್ತಿ ಕೂರಬೇಕು. ಎರಡನೆಯ ಪೆಟ್ಟಿಗೆ ತುದಿಗೇ ಬಂದಿತ್ತು. ಖಾಜಾಮಿಯಾ ನನ್ನ ಹೊಟ್ಟೆಯನ್ನೊಮ್ಮೆ ಭರವಸೆಯಿಂದ ನೋಡಿ ಲಿವರ್ ಎಳೆದ. ಹಿಂದಿನ ಗಾಲಿ ಅಲುಗಲಿಲ್ಲ. ಗಾಡಿ ಹೇಳಬೇಕಾದ್ದನ್ನು ಹೇಳದಂತೆ ನಾನು ಅದರ ಮೇಲೆ ಕೂತಿದ್ದೆನಲ್ಲ. ಫೋರ್ಕು ಬಾಗಿತು, ಬುಡದಲ್ಲಿ ಬಿರುಕು ಬಿಟ್ಟಿತು, ಪೆಟ್ಟಿಗೆಗಳು ಜಾರಿ ಬಿದ್ದವು. ಪುಣ್ಯಕ್ಕೆ ಹತ್ತಿರ ಯಾರೂ ಇರಲಿಲ್ಲ.

ಮಾಲಕರು ಬಂದು ನೋಡಿ, ಖಾಜಾಮಿಯಾ ಗಾಡಿಯನ್ನು ಗೋಡೆಗೆ ಗುದ್ದಿದ್ದಾನೆ, ನಾಳೆಯಿಂದ ಬರುವುದು ಬೇಡ ಎಂದರು. ಭಾರ ಹೆಚ್ಚಾಗಿ ಬಾಗಿತು ಎಂದು ಅವನು ಹೇಳಿದ್ದನ್ನು ಒಪ್ಪಲಿಲ್ಲ. ಅಷ್ಟು ಭಾರಕ್ಕೆ ಹಿಂದಿನ ಗಾಲಿ ಏಳುತ್ತದೆಯೇ ಹೊರತು ಫೋರ್ಕು ಹೇಗೆ ಬಾಗುತ್ತದೆ ಎಂಬುದು ಅವರ ವಾದ. ಖಾಜಾಮಿಯಾ ನನ್ನ ಹೆಸರು ಮಾತ್ರ ಎತ್ತಲಿಲ್ಲ. ಅವನ ಮನೆ ನಡೆಯುತ್ತಿದ್ದುದು ಅವನೊಬ್ಬನ ದುಡಿಮೆಯಿಂದ. ನನಗೆ ನಾಚಿಕೆಯೂ ಆಯಿತು, ಹೆದರಿಕೆಯೂ ಆಯಿತು.

"ಅವಂದೇನ್ ತಪ್ಪಿಲ್ರಿ. ಎತ್ತು ಅಂದಾಂವ ನಾನೇ, ಹಿಂದ ಕುಂತಾಂವನೂ ನಾನೇ," ಎಂದೆ.

ಸಾಕ್ಷಿ ಕೇಳುತ್ತಾರೆ, ಬೈಯುತ್ತಾರೆ ಎಂದು ಗಟ್ಟಿ ಮನಸ್ಸು ಮಾಡಿ ನಿಂತಿದ್ದೆ. ಮಾಲಕರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಅಡ್ಡಕ್ಕೂ ನೋಡಿದರು.

"ಹಂಗಿದ್ರ ಹಿಸಾಬ್ ಬರೋಬರಿ ಅದ," ಎಂದರು.

ಖಾಜಾಮಿಯಾನ ಕೆಲಸ ಉಳಿಯಿತು. ಹೊಸ ಫೋರ್ಕು ಬಂತು, ಹಿಂದೆ ಯಾರೂ ಕೂರಬಾರದೆಂಬ ಬೋರ್ಡೂ ಬಂತು. ಒಬ್ಬನ ಅನ್ನ ಉಳಿಸಿದ ಸಂತೋಷ ನನಗಿದೆ. ಆದರೂ ಜೀವನದಲ್ಲಿ ನಾನು ಧೈರ್ಯವಾಗಿ ಆಡಿದ ಒಂದೇ ಒಂದು ಮಾತನ್ನು ಅವರು ನಂಬಿದ್ದು ನನ್ನ ಪ್ರಾಮಾಣಿಕತೆ ನೋಡಿ ಅಲ್ಲ ಎಂಬುದು ಇವತ್ತಿಗೂ ಚುಚ್ಚುತ್ತದೆ.