ಬೈಗುಳ ತಿಂದು ಬೆಳೆದ ಗಿಡ

ಇಷ್ಟೆಲ್ಲ ರಗಳೆಗೆ ಮೂಲ ಒಂದು ಬೀನ್ಸ್ ಗಿಡ. ಅದಕ್ಕೆ ಬಾಯಿಲ್ಲ. ಬಾಯಿದ್ದವರೇ ಎಲ್ಲವನ್ನೂ ಕೆಡಿಸಿದ್ದು.

ಗ್ರಂಥಪಾಲಕರ ಮಗಳು ಹತ್ತನೇ ತರಗತಿ. ಹೈಸ್ಕೂಲು ಮಕ್ಕಳ ವಿಜ್ಞಾನ ಸಂಶೋಧನಾ ಪ್ರಬಂಧ ಸ್ಪರ್ಧೆಗೆ ಅವಳು ಆರಿಸಿಕೊಂಡಿದ್ದ ವಿಷಯ, ಮನುಷ್ಯರ ಮಾತಿನಿಂದ ಗಿಡದ ಮೇಲಾಗುವ ಪರಿಣಾಮ. ಗೆದ್ದವರು ರಜೆಯಿಡೀ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಕೆಲಸ ಮಾಡಬಹುದಿತ್ತು. ಹುಡುಗಿ ಅದನ್ನು ಎಷ್ಟು ಹಚ್ಚಿಕೊಂಡಿದ್ದಳೆಂದರೆ, ನಿದ್ದೆಯಲ್ಲೂ ಸೂಕ್ಷ್ಮದರ್ಶಕದ ಮಾತನ್ನೇ ಆಡುತ್ತಿದ್ದಳು. ಮನೆಯೊಳಗೆ ಬಿಸಿಲು ಬೀಳದ ಕಾರಣ ಮೂರು ಕುಂಡಗಳು ಮೆಟ್ಟಿಲ ತಿರುವಿನ ಕಿಟಕಿಯಲ್ಲಿ ಕೂತವು. ಮೊದಲನೆಯದಕ್ಕೆ ದಿನಾ ಬೈಯಬೇಕು, ಎರಡನೆಯದನ್ನು ಹೊಗಳಬೇಕು, ಮೂರನೆಯದರ ತಂಟೆಗೆ ಯಾರೂ ಹೋಗಬಾರದು.

ಬೈಯುವ ಕೆಲಸ ಅಪ್ಪನಿಗೆ ಬಂತು. ಹೊಗಳುವ ಕೆಲಸ ಮೇಲಿನ ಮನೆಯ ನಿವೃತ್ತ ಹೆಡ್‌ಮಾಸ್ತರಿಗೆ.

"ಉಲ್ಟಾ ಆಯ್ತಲ್ಲಮ್ಮ," ಎಂದು ಗ್ರಂಥಪಾಲಕರು ಅಂದೇ ಗೋಗರೆದಿದ್ದರು. "ಲೈಬ್ರರಿಯಲ್ಲಿ ಗಲಾಟೆ ಮಾಡ್ಬೇಡಿ ಅನ್ನೋಕೇ ನನಗೆ ಬಾಯಿ ಬರಲ್ಲ. ಮೇಷ್ಟ್ರು ನೋಡಿದ್ರೆ, ಫಸ್ಟ್ ಬಂದ ಹುಡುಗನಿಗೂ 'ಪರವಾಗಿಲ್ಲ' ಅಂದು ಕಳಿಸಿದೋರು."

"ಅದಕ್ಕೇ ಅಪ್ಪ. ಬೈಯೋರೇ ಬೈದ್ರೆ, ಗಿಡ ಮಾತಿಗೆ ಹೆದರ್ತೋ ಮುಖಕ್ಕೆ ಹೆದರ್ತೋ ಹೇಗೆ ಗೊತ್ತಾಗತ್ತೆ? ಪರೀಕ್ಷೆ ಮಾತಿಗೆ ಮಾತ್ರ ಆಗ್ಬೇಕು."

ವಿಜ್ಞಾನದ ಮುಂದೆ ಅಪ್ಪ ಸೋತರು. ತಮ್ಮ ಅಪ್ಪ ತಮಗೆ ಬೈದದ್ದನ್ನೆಲ್ಲ ನೆನಪಿಗೆ ತಂದುಕೊಂಡು ದಿನಾ ಬೆಳಿಗ್ಗೆ ಕುಂಡದ ಮುಂದೆ ನಿಲ್ಲುತ್ತಿದ್ದರು. "ದಂಡಪಿಂಡ! ಪಕ್ಕದ ಕುಂಡದೋನನ್ನ ನೋಡಿ ಕಲಿ! ಕೂತು ತಿನ್ನೋಕೆ ನಾಚಿಕೆ ಆಗಲ್ವಾ?"

ಪ್ರಬಂಧ ಕಳಿಸುವ ಕಡೆಯ ದಿನ ಬಂತು. ಬೆಳಿಗ್ಗೆ ಮಗಳು ಅಳತೆ ಹಿಡಿದಾಗ ಬೈಸಿಕೊಂಡ ಗಿಡ ಕಿಟಕಿಯ ಸರಳು ಹಿಡಿದು ಮೇಲೇರಿತ್ತು. ಹೊಗಳಿಸಿಕೊಂಡದ್ದು ಮುದುರಿ ಕೂತಿತ್ತು. ಯಾರ ಗೊಡವೆಯೂ ಇಲ್ಲದ ಮೂರನೆಯದು ತನ್ನ ಪಾಡಿಗೆ ತಾನು ಹದವಾಗಿ ಬೆಳೆದಿತ್ತು.

"ನೋಡಿದ್ರಾ!" ಹೆಡ್‌ಮಾಸ್ತರು ಮೆಟ್ಟಿಲು ನಡುಗುವಂತೆ ಗುಡುಗಿದರು. "ಇಷ್ಟು ವರ್ಷ ನಾನು ಬಡ್ಕೊಂಡಿದ್ದು ಇದನ್ನೇ. ಬೈದ್ರೆ ಬೆಳೀತಾರೆ! ಈಗ ವಿಜ್ಞಾನವೇ ಹೇಳ್ತಿದೆ!"

ಮಗಳು ಅಪ್ಪನ ಕೈ ಹಿಡಿದು ಕುಣಿದಳು. "ಯಾರೂ ಬರೆಯದಿರೋ ಫಲಿತಾಂಶ ಅಪ್ಪ! ನಿನ್ನಿಂದಲೇ ಆಗಿದ್ದು!" ಎಂದು ಪ್ರಬಂಧ ಮುಗಿಸಲು ಶಾಲೆಗೆ ಓಡಿದಳು. ಗ್ರಂಥಪಾಲಕರು ನಗಲು ಹೋದರು. ನಗು ಬರಲಿಲ್ಲ.

ಹೆಡ್‌ಮಾಸ್ತರು ಸುದ್ದಿಯನ್ನು ಮನೆಮನೆಗೂ ಹಂಚಿದರು. ಗ್ರಂಥಪಾಲಕರು ಕೆಲಸಕ್ಕೆಂದು ಇಳಿಯುವಷ್ಟರಲ್ಲಿ ಕಟ್ಟಡದ ತುಂಬ ಬೈಗುಳದ ಮಳೆ. ಕೆಳಗಿನ ಮನೆಯಾಕೆ ಮಗನನ್ನು ಬಾಗಿಲಲ್ಲಿ ನಿಲ್ಲಿಸಿ, "ನಿನ್ನ ಒಳ್ಳೇದಕ್ಕೇ ಕಣೋ, ಇನ್ನೊಂದು ಸ್ವಲ್ಪ ಬೈಸ್ಕೊಂಡು ಹೋಗು," ಎನ್ನುತ್ತಿದ್ದಳು. ಹುಡುಗ ಗ್ರಂಥಪಾಲಕರನ್ನು ನೋಡಿದ ನೋಟಕ್ಕೆ ಅವರು ಎರಡೆರಡು ಮೆಟ್ಟಿಲು ಹಾರಿ ಇಳಿದರು.

ಗ್ರಂಥಾಲಯದ ಮುಖ್ಯಸ್ಥೆಯೂ ಅದೇ ಕಟ್ಟಡದವರು. ಗ್ರಂಥಪಾಲಕರು ಕುರ್ಚಿಯಲ್ಲಿ ಕೂರುವ ಮುಂಚೆಯೇ ಆಕೆ ಬೈಯಲು ಶುರುಮಾಡಿದರು.

"ಇತಿಹಾಸದ ಕಪಾಟಿನಲ್ಲಿ ಅಡುಗೆ ಪುಸ್ತಕ ಇಟ್ಟಿದ್ದು ಯಾರ್ರೀ? ತಲೆ ಎಲ್ಲಿಟ್ಟಿರ್ತೀರಿ?"

"ಕ್ಷಮಿಸಿ ಮೇಡಂ."

"ಬೇಜಾರು ಮಾಡ್ಕೋಬೇಡಿ, ನಿಮ್ಮ ಬೆಳವಣಿಗೆಗೇ ಹೇಳ್ತಿರೋದು. ಇಷ್ಟು ದಿನ ನಾನು ನಿಮಗೆ ಒಂದು ಮಾತೂ ಅನ್ನದೆ ಅನ್ಯಾಯ ಮಾಡ್ಬಿಟ್ಟೆ. ಇನ್ಮೇಲೆ ದಿನಾ ಬೈತೀನಿ."

ಗ್ರಂಥಪಾಲಕರಿಗೆ ಕೂತಲ್ಲಿ ಕೂರಲಾಗಲಿಲ್ಲ. ಗಿಡ ಬೆಳೆದ ಗುಟ್ಟು ಅವರೊಬ್ಬರಿಗೇ ಗೊತ್ತಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಮಗಳು ಗೆದ್ದರೂ ಗೆಲ್ಲಬಹುದು. ಆದರೆ ಸುಳ್ಳಿನ ಮೇಲೆ ಗೆಲ್ಲುತ್ತಾಳೆ. ಹೇಳಿದರೆ ಅವಳ ಆಸೆಗೆ ತಾವೇ ಕಲ್ಲು ಹಾಕಿದಂತೆ. ಮಧ್ಯಾಹ್ನದವರೆಗೆ ತಿಣುಕಾಡಿ, ಅರ್ಧ ದಿನ ರಜೆ ಬೇಕೆಂದರು. ಮುಖ್ಯಸ್ಥೆ ಅದಕ್ಕೂ ಮನಸಾರೆ ಬೈದು ರಜೆ ಕೊಟ್ಟರು.

ಏದುಸಿರು ಬಿಡುತ್ತ ಶಾಲೆ ತಲುಪಿದಾಗ, ಶಿಕ್ಷಕರ ಕೋಣೆಯಲ್ಲಿ ವಿಜ್ಞಾನದ ಟೀಚರ್ ಪ್ರಬಂಧವನ್ನು ಲಕೋಟೆಗೆ ಹಾಕುತ್ತಿದ್ದರು. ಮಗಳು ಪಕ್ಕದಲ್ಲಿದ್ದಳು. ಬೈಗುಳದ ಮಹಿಮೆ ಕುರಿತು ನಾಲ್ಕು ಮಾತಾಡಲೆಂದು ಹೆಡ್‌ಮಾಸ್ತರೂ ಕರೆಯದೇ ಬಂದು ಕೂತಿದ್ದರು.

"ನಿಲ್ಲಿಸಿ!" ಎಂದರು ಗ್ರಂಥಪಾಲಕರು. ಜೀವಮಾನದಲ್ಲಿ ಅವರು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. "ನಾನು ಬೈದಿದ್ದು ನಿಜ ಕಣಮ್ಮ. ಆದ್ರೆ ನೀನು ಒಳಗೆ ಹೋದ್ಮೇಲೆ ಕ್ಷಮೆ ಕೇಳ್ತಿದ್ದೆ. 'ನಮ್ಮಪ್ಪನೂ ಹೀಗೇ ಬೈತಿದ್ರು, ಮನಸ್ಸಿಗೆ ಹಚ್ಕೋಬೇಡ ಮರಿ' ಅಂತ ಎಲೆ ಸವರ್ತಿದ್ದೆ. ಕುಡಿದು ಮಿಕ್ಕ ನೀರನ್ನೂ..."

"ನೀರನ್ನೂ?"

"ಪಾಪ ಅನ್ನಿಸ್ತು."

ಮಗಳು ಬೆಂಚಿನ ಮೇಲೆ ಕುಸಿದು ಕೂತಳು. ಕಣ್ಣು ತುಂಬಿ ಬಂತು. ಅವಳು ಅಪ್ಪನಿಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಎಂದು ಅವರಿಗೆ ಅನ್ನಿಸಿತು.

"ನಂಬಿದ ಮಗೂಗೆ ಹೀಗಾ ಮಾಡೋದು?" ಹೆಡ್‌ಮಾಸ್ತರು ಎದ್ದು ನಿಂತರು. "ಒಪ್ಪಿಕೊಂಡ ಕೆಲಸ ನೆಟ್ಟಗೆ ಮಾಡೋಕಾಗಲ್ವೇನ್ರೀ ನಿಮಗೆ?"

ಮಗಳು ಕಣ್ಣೊರೆಸಿಕೊಂಡು ಅವರ ಕಡೆ ತಿರುಗಿದಳು. "ತಾತ, ನೀವು ಬರೀ ಹೊಗಳಿದ್ರಿ ತಾನೇ?"

"ಮತ್ತಿನ್ನೇನು! ಭೇಷ್, ಜಾಣ ಅಂತ ದಿನಾ ಹೇಳ್ತಿದ್ದೆ." ಹೆಡ್‌ಮಾಸ್ತರು ಕನ್ನಡಕ ತೆಗೆದು ಒರೆಸಿದರು. ಒರೆಸಿದ ಗಾಜನ್ನೇ ಮತ್ತೆ ಒರೆಸಿದರು. "ಆಮೇಲೆ, ಹೊಗಳಿಕೆ ತಲೆಗೇರಬಾರದಲ್ಲ, ಸ್ವಲ್ಪ ಬುದ್ಧಿ ಹೇಳ್ತಿದ್ದೆ. ಕಿವಿ ಹಿಂಡೋಣ ಅಂದ್ರೆ ಗಿಡಕ್ಕೆ ಕಿವಿ ಎಲ್ಲಿಂದ ಬರ್ಬೇಕು? ದಿನಕ್ಕೊಂದು ಎಲೆ ಹಿಂಡ್ತಿದ್ದೆ."

ಟೀಚರ್ ಸೆರಗು ಬಾಯಿಗೆ ಅಡ್ಡ ಹಿಡಿದರೂ ತಡೆಯಲಾರದೆ ನಕ್ಕುಬಿಟ್ಟರು. ಮಗಳಿಗೂ ಅಳುತ್ತಲೇ ನಗು ಬಂತು.

"ಇದು ಮೊದಲ ಸುತ್ತು ಅಷ್ಟೇ," ಎಂದರು ಟೀಚರ್. "ಆಗಿದ್ದನ್ನ ಆದ ಹಾಗೇ ಬರಿ. ತಪ್ಪನ್ನ ಮುಚ್ಚಿಡದೆ ಬರೆದೋರನ್ನ ಮುಂದಕ್ಕೆ ಕಳಿಸೋದುಂಟು. ಆದ್ರೆ ಎರಡನೇ ಸುತ್ತಿಗೆ ಪ್ರಯೋಗ ಮತ್ತೆ ಮಾಡ್ಬೇಕು." ಆಮೇಲೆ ಅವಳ ಕಿವಿಯಲ್ಲಿ ಏನೋ ಉಸುರಿದರು. ಟೀಚರೂ ಮಗಳೂ ಹಿರಿಯರಿಬ್ಬರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

ಮಗಳು ಕಡೆಯ ಪುಟವನ್ನು ಹೊಸದಾಗಿ ಬರೆದಳು. ಹೊತ್ತು ಮೀರುವ ಮುಂಚೆ ಲಕೋಟೆ ಹೊರಟಿತು.

ಸಂಜೆ ಮೂವರೂ ಮೆಟ್ಟಿಲ ತಿರುವಿನಲ್ಲಿ ಸೇರಿದರು. ಗ್ರಂಥಪಾಲಕರ ಎದೆ ಹಗುರಾಗಿತ್ತು. ಇಬ್ಬರ ಕೆಲಸವನ್ನೂ ಅದಲುಬದಲು ಮಾಡಿದರೆ ಎಲ್ಲ ಸರಿಹೋಗುತ್ತದೆ, ತಾವು ಗಿಡವನ್ನು ಹೊಗಳುತ್ತ ಹಾಯಾಗಿರಬಹುದು ಎಂದು ಲೆಕ್ಕ ಹಾಕಿದ್ದರು. "ಈ ಸಲ ನಾನು ಹೊಗಳ್ತೀನಿ, ಮೇಷ್ಟ್ರು ಬೈಲಿ. ಏನಂತೀಯಮ್ಮ?"

"ಈ ಸಲ ಗಿಡವೇ ಬೇಡ ಅಪ್ಪ. ಪಾಪ, ಅವುಗಳಿಗೆ ಸಾಕಾಗಿದೆ. ಮಾತಿನಿಂದ ಮನುಷ್ಯರ ಮೇಲಾಗುವ ಪರಿಣಾಮ ನೋಡೋಣ ಅಂದ್ರು ಟೀಚರ್." ಮಗಳು ಪೆನ್ಸಿಲ್ ಕೆತ್ತುತ್ತ ಶಾಂತವಾಗಿ ಹೇಳಿದಳು. "ನೀನು ದಿನಾ ತಾತನಿಗೆ ಬೈಬೇಕು. ತಾತ, ನೀವು ದಿನಾ ನಮ್ಮಪ್ಪನ್ನ ಹೊಗಳ್ಬೇಕು. ನಾನು ಇಲ್ಲೇ ಕೂತು ನೋಡ್ತಿರ್ತೀನಿ."

"ವಿಜ್ಞಾನಕ್ಕೋಸ್ಕರ ಅಂದ್ರೆ ಆಗಲಿ," ಎಂದರು ಹೆಡ್‌ಮಾಸ್ತರು. ಗಂಟಲು ಸರಿಮಾಡಿಕೊಂಡು, ಅಂಗಿಯ ತೋಳು ಮಡಚಿಕೊಂಡು, ಒಂದು ಮೆಟ್ಟಿಲು ಇಳಿದು ಬಂದರು. "ಭೇಷ್! ಜಾಣ!"

ಗ್ರಂಥಪಾಲಕರು ಎರಡೂ ಕೈಗಳಿಂದ ಕಿವಿ ಸಿಗದಂತೆ ಮುಚ್ಚಿಕೊಂಡು ಗೋಡೆಗೆ ಒರಗಿದರು.